ಎರಡೂವರೆ ಗಂಟೆಯ ದೂರ

ಧಡ್. ಸ್ವಲ್ಪ ಹೊತ್ತು ಮೌನ. ಮತ್ತೆ ಧಡ್. ಆಮೇಲೆ ಇಟ್ಟಿಗೆಗಳು ಒಂದರ ಮೇಲೊಂದು ಉರುಳುವ ಸದ್ದು.

ಮಠದ ಹಿಂದಿನ ಗಲ್ಲಿಯಲ್ಲಿ ಹಳೆಯ ಮನೆಯೊಂದನ್ನು ಒಡೆಯುತ್ತಿದ್ದರು. ಅದರ ಒಡೆಯನಿಗೆ ಅಲ್ಲಿ ಯಾತ್ರಿಕರ ಲಾಡ್ಜ್ ಕಟ್ಟಿಸಬೇಕಿತ್ತು. ಯಂತ್ರ ತೂರದಷ್ಟು ಇಕ್ಕಟ್ಟಿನ ಗಲ್ಲಿ. ಹಾಗಾಗಿ ಆಳುಗಳು ಗೋಡೆಯ ಮೇಲೆ ಹತ್ತಿ ನಿಂತು ಸುತ್ತಿಗೆಯಲ್ಲೇ ಬಡಿಯುತ್ತಿದ್ದರು. ಪ್ರತಿ ಏಟಿಗೂ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಪ್ರತಿ ಏಟಿಗೂ ಮೇಲಿನ ಕೋಣೆಯಲ್ಲಿ ಮಲಗಿದ್ದ ವಚನಾ ಬೆಚ್ಚುತ್ತಿದ್ದಳು. ಅದು ತಾರಾದೇವಿಗೆ ಕೆಳಗಿನಿಂದಲೇ ತಿಳಿಯುತ್ತಿತ್ತು. ಆ ಮಂಚದ ಒಂದು ಕಾಲು ಗಿಡ್ಡ. ಮಲಗಿದವರು ಅಲುಗಿದರೆ ನೆಲಕ್ಕೆ ಟಕ್ಕೆನ್ನುತ್ತದೆ. ಗಲ್ಲಿಯಲ್ಲಿ ಧಡ್ ಎಂದರೆ ಮೇಲೆ ಟಕ್. ಬೆಳಗಿನಿಂದ ಹೀಗೇ ನಡೆದಿತ್ತು.

ತಾರಾದೇವಿ ಒಮ್ಮೆ ಹೊರಗೆ ಹೋಗಿ ಆ ಆಳುಗಳಿಗೆ ಹೇಳಿಬಂದಿದ್ದಳು, ಮಗಳಿಗೆ ಹುಷಾರಿಲ್ಲ, ಮೆಲ್ಲಗೆ ಒಡೆಯಿರಪ್ಪಾ ಎಂದು. ಅವರಲ್ಲೊಬ್ಬ ನಕ್ಕು, ಮೆಲ್ಲಗೆ ಒಡೆಯುವ ಸುತ್ತಿಗೆ ಬನಾರಸದಲ್ಲಿ ಸಿಗುವುದಿಲ್ಲ ಅಮ್ಮಾಜೀ ಎಂದಿದ್ದ.

ಕಾಶಿಯಲ್ಲಿ ಕರ್ನಾಟಕದವರ ಮಠ ಎಂದರೆ ಜನ ತೋರಿಸುವ ದೊಡ್ಡ ಕಟ್ಟಡ ಇದಲ್ಲ. ಗೋದೌಲಿಯಾ ಚೌಕದಿಂದ ಒಳಗೆ ಬಂದು, ಸೀರೆ ನೇಯುವವರ ಓಣಿ ದಾಟಿ, ಎರಡು ಸಲ ದಾರಿ ಕೇಳಿದ ಮೇಲೆ ಸಿಗುವ ಸಣ್ಣ ಮಠ ಇದು. ಒಂದು ಅಂಗಳ, ಅಂಗಳದ ಸುತ್ತ ಒಂಬತ್ತು ಕೋಣೆ, ಮೂಲೆಯಲ್ಲೊಂದು ಅಡುಗೆಮನೆ. ಆ ಅಡುಗೆಮನೆ ತಾರಾದೇವಿಯದು. ಐವತ್ತು ದಾಟಿದ ಗಿಡ್ಡನೆಯ ಗಟ್ಟಿ ಹೆಂಗಸು. ಎಡಗಡೆಯ ಹುಬ್ಬಿನಲ್ಲಿ ಕೂದಲು ಬೆಳೆಯದ ಒಂದು ಗೆರೆ. ಜೋಳದ ಹಿಟ್ಟನ್ನು ಅವಳು ತಟ್ಟುವ ಸದ್ದು ಕೇಳಿದರೆ ಗಂಗೆಯಲ್ಲಿ ಮಿಂದು ಬಂದ ವಿಜಯಪುರದ, ಗದಗಿನ ಮುದುಕರು ಚಪ್ಪಲಿ ಬಿಡುವ ಮೊದಲೇ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಓಣಿಯ ಜನಕ್ಕೆ ಅವಳು ರೋಟಿವಾಲೀ ಅಮ್ಮಾ.

ರಾಣೆಬೆನ್ನೂರಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಎರಡು ಕಡೆ ರೈಲು ಬದಲಿಸಿ, ಎರಡು ರಾತ್ರಿ ಕೂತು, ಮೂರನೆಯ ಬೆಳಗ್ಗೆ ಇಳಿದಾಗ ಕಾಲು ಬಾತು ಮೆಟ್ಟು ಹಿಡಿಸಿರಲಿಲ್ಲ. ಗಂಡ ಶಿವಮೂರ್ತಯ್ಯ ಇದೇ ಮಠದಲ್ಲಿ ಪೂಜೆಗೆ ಸಹಾಯಕ. ಹೊರಗೆ ತಗ್ಗಿದ ದನಿಯ ಮನುಷ್ಯ, ಯಾತ್ರಿಕರು ಬಂದರೆ ತಾನೇ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಡುತ್ತಿದ್ದ. ಬಾಗಿಲು ಹಾಕಿದ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಅದೇ ತಂಬಿಗೆ, ಛತ್ರಿಯ ಹಿಡಿ, ಒಮ್ಮೆ ಪೂಜೆಯ ಗಂಟೆ. ಹುಬ್ಬಿನ ಗೆರೆ ಆ ಗಂಟೆಯದು. ಗಂಟೆ ಬಡಿದಾಗ ಅದು ಟಣ್ ಎಂದಿತ್ತು. ಪಕ್ಕದ ಕೋಣೆಯಲ್ಲಿದ್ದ ಯಾತ್ರಿಕರು ಮಂಗಳಾರತಿಯೆಂದು ಎದ್ದು ಬಂದಿದ್ದರು.

ಅವಳಪ್ಪ ಒಂದೇ ಸಲ ಬಂದಿದ್ದ. ಮಗಳ ಹುಬ್ಬಿನ ಹೊಲಿಗೆ ನೋಡಿದ. ಅಳಿಯನ ಜೊತೆ ಕೂತು ಉಂಡ. ಹೊರಡುವಾಗ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಭಾಳ ದೂರ ಕೊಟ್ಟುಬಿಟ್ಟೆವು ನಿನ್ನ," ಎಂದ. ರೈಲು ಹತ್ತಿದ. ಮತ್ತೆ ಬರಲಿಲ್ಲ.

ಆ ಮಾತನ್ನು ತಾರಾದೇವಿ ನಂಬಿದಳು. ಅಪ್ಪನಿಗೆ ಮನಸ್ಸಿಲ್ಲ ಎಂದುಕೊಳ್ಳುವುದಕ್ಕಿಂತ ದಾರಿ ದೂರ ಎಂದುಕೊಳ್ಳುವುದು ಹಗುರಾಗಿತ್ತು. ಏಟು ಬಿದ್ದಾಗಲೆಲ್ಲ ಅವಳು ದಾರಿಯನ್ನು ಬೈದಳು, ರೈಲನ್ನು ಬೈದಳು, ನಡುವೆ ಅಡ್ಡ ಮಲಗಿದ್ದ ಬೆಟ್ಟ ಹೊಳೆಗಳನ್ನು ಬೈದಳು. ಶಿವಮೂರ್ತಯ್ಯ ಪಾರ್ಶ್ವವಾಯು ಬಡಿದು, ಬಲಗೈ ಎತ್ತಲಾಗದೆ ಎರಡು ವರ್ಷ ಮಲಗಿ ಸತ್ತ. ಆ ಎರಡು ವರ್ಷವೂ ಅವಳೇ ಅವನ ಬಾಯಿಗೆ ಗಂಜಿ ಹಾಕಿದಳು. ಉಳಿದವಳು ಒಬ್ಬಳೇ ಮಗಳು ವಚನಾ.

ವಚನಾ ಬನಾರಸದ ಹುಡುಗಿ. ತಾಯಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತ ಬೆಳೆದವಳು. ಕೋಪ ಬಂದರೆ ಭೋಜಪುರಿ. ಪಂಕ್ತಿಯಲ್ಲಿ ಬಡಿಸುವಾಗ ಮಾತ್ರ ಅವಳ ಬಾಯಿಂದ ಅಳತೆಯ ಕನ್ನಡ ಬರುತ್ತಿತ್ತು: ಹಾಕ್ಲೇನ್ರಿ, ಸಾಕೇನ್ರಿ. ಹಾಗೆ ಬಡಿಸುವಾಗಲೇ ಬೆಂಗಳೂರಿನಿಂದ ಬಂದ ಒಂದು ಕುಟುಂಬ ಅವಳನ್ನು ನೋಡಿ ಒಪ್ಪಿತು. ಹುಡುಗ ಮಹೇಶ್ವರ. ಜಿಗಣಿಯಲ್ಲಿ ಗ್ರಾನೈಟ್ ಕಲ್ಲು ಕೊಯ್ಯುವ ಕಾರ್ಖಾನೆ, ಸ್ವಂತ ಮನೆ, ಕುಡಿಯುವ ಅಭ್ಯಾಸವಿಲ್ಲ.

ತಾರಾದೇವಿ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದೂರ.

ಮಠದ ಕಚೇರಿ ನೋಡಿಕೊಳ್ಳುವ ಕಾಶೀನಾಥ ಫೋನು ತೆಗೆದು ತೋರಿಸಿದ್ದ. ಅವನೂ ಇಲ್ಲೇ ಹುಟ್ಟಿದವನು, ಕಲಬುರಗಿ ಕಡೆಯ ಮನೆತನ, ಒಳ್ಳೆಯ ಮನಸ್ಸು, ಅವಸರದ ನಾಲಿಗೆ. ಪರದೆಯ ಮೇಲೆ ಬೆಂಗಳೂರಿನಿಂದ ಕಾಶಿಗೆ ಒಂದು ನೀಲಿ ಗೆರೆ ಬಿಲ್ಲಿನಂತೆ ಬಾಗಿತ್ತು. ಕೆಳಗೆ ಬೆಟ್ಟವಿಲ್ಲ, ಹೊಳೆಯಿಲ್ಲ, ರೈಲು ಬದಲಿಸುವ ನಿಲ್ದಾಣವಿಲ್ಲ. ಗಾಳಿಯಲ್ಲಿ ಸಾವಿರದ ನಾನೂರ ಚಿಲ್ಲರೆ ಕಿಲೋಮೀಟರು ಅಕ್ಕಾರ, ಎಂದಿದ್ದ ಕಾಶೀನಾಥ, ವಿಮಾನದಾಗ ಎರಡೂವರೆ ತಾಸು. ನೀವು ಇಲ್ಲೆ ಹಿಟ್ಟು ಕಲಸೂದ್ರಾಗ ಆಕಿ ಅಲ್ಲಿ ವಿಮಾನ ಹತ್ತಿದರ, ಪಂಕ್ತಿ ಏಳೂದ್ರಾಗ ಬಂದು ಊಟಕ್ಕ ಕೂಡ್ತಾಳ.

ತಾರಾದೇವಿ ಆ ನೀಲಿ ಗೆರೆಯ ಮೇಲೆ ಬೆರಳಿಟ್ಟು ನೋಡಿದಳು. ಅವಳ ಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ. ಪ್ರಯಾಗದಿಂದ ಬರುವ ಪ್ಯಾಸೆಂಜರ್ ಗಾಡಿ ಇದಕ್ಕಿಂತ ತಡ ಮಾಡುತ್ತದೆ. ಅವಳು ಹೂಂ ಎಂದಳು. ಮಗಳನ್ನು ಹತ್ತಿರ ಕೊಟ್ಟೆ ಎಂದು ಓಣಿಯ ನೇಕಾರರ ಹೆಂಗಸರಿಗೆಲ್ಲ ಹೇಳಿಕೊಂಡಳು.

ಮದುವೆಯಾದ ಮೊದಲ ವರ್ಷದಲ್ಲೇ ಏಟು ಶುರುವಾಯಿತು. ಸಾರಿಗೆ ಬೆಲ್ಲ ಹಾಕಿದ್ದಕ್ಕೆ, ಫೋನಿನಲ್ಲಿ ಯಾರದೋ ಜೊತೆ ಹಿಂದಿಯಲ್ಲಿ ನಕ್ಕಿದ್ದಕ್ಕೆ, ಅವನ ಗೆಳೆಯರ ಮುಂದೆ ಕನ್ನಡ ತಪ್ಪಾಡಿದ್ದಕ್ಕೆ. ನೋವಾದಾಗ ವಚನಾಳ ಬಾಯಿಂದ ಬರುತ್ತಿದ್ದದ್ದು ಬನಾರಸದ ಮಾತು. ಪಕ್ಕದ ಮನೆಯವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಆ ಉತ್ತರದ ಹುಡುಗಿ ಗಂಡನ ಮೇಲೆ ಕೂಗಾಡುತ್ತಾಳೆ ಎಂದು ಅವರು ಮಾತಾಡಿಕೊಂಡರು. ಮಹೇಶ್ವರನ ಕೈ ಕಲ್ಲು ಎತ್ತಿ ಎತ್ತಿ ದಪ್ಪಗಾದ ಕೈ. ಹೊಡೆದಾದ ಮೇಲೆ ಅವನು ಆ ಕೈಯನ್ನು ಸೋಪು ಹಚ್ಚಿ ತೊಳೆಯುತ್ತಿದ್ದ.

ಒಂದು ಸಲ ತಾರಾದೇವಿ ಹೋಗಿ ನೋಡಿಬಂದಳು. ಟಿಕೇಟು ಕಳಿಸಿದ್ದವನು ಅಳಿಯನೇ. ಮೊದಲ ಸಲ ವಿಮಾನ ಹತ್ತಿದವಳು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಕೆಳಗೆ ಮೂವತ್ತು ವರ್ಷ ತಾನು ಬೈದಿದ್ದ ಬೆಟ್ಟ ಹೊಳೆಗಳು ಹಪ್ಪಳದ ಮೇಲಿನ ಗುಳ್ಳೆಗಳಂತೆ ಕಂಡವು. ಅಳಿಯ ಕಾರು ತಂದು ಕಾದಿದ್ದ. ಮಧ್ಯಾಹ್ನ ಊಟವಾಗಿ ಅವಳು ಅಡ್ಡಾದಾಗ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿತು. ನಲ್ಲಿಯ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಅದು ಅವಳಿಗೆ ಗುರುತಿದ್ದ ಸದ್ದು, ಗೋಡೆಗೆ ತಲೆ ತಾಗುವುದು. ಅವಳು ಎದ್ದು ಕೂತಳು. ಎದ್ದು ನಿಲ್ಲಲಿಲ್ಲ. ಮರುದಿನದ ವಿಮಾನಕ್ಕೆ ಹೊರಡುವಾಗ ಬಾಗಿಲಲ್ಲಿ ಮಗಳು ಅವಳ ಮುಖ ನೋಡಿದಳು. ತಾರಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ವಾಪಸು ಬರುವಾಗ ಎರಡೂವರೆ ಗಂಟೆಯೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಕಿಟಕಿಯ ಕಡೆ ತಿರುಗಲಿಲ್ಲ.

ಈಗ, ಮೊನ್ನೆ ಶುಕ್ರವಾರದ ಮಧ್ಯಾಹ್ನ, ವಚನಾ ಒಂದು ಕೈಚೀಲ ಹಿಡಿದು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಮಠದ ಅಂಗಳದಲ್ಲಿ ಬಂದು ನಿಂತಿದ್ದಳು. ಪಂಕ್ತಿ ಏಳುವ ಹೊತ್ತು. ಎಡಗೈ ಮೊಣಕೈಯಿಂದ ಕೆಳಗೆ ಬಾತು ನೀಲಿಯಾಗಿತ್ತು. ವಿಮಾನದಲ್ಲಿ ಪಕ್ಕದವರು ಕೇಳಿದ್ದಕ್ಕೆ ಬಿದ್ದೆ ಎಂದಿದ್ದಳಂತೆ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಿವಮೊಗ್ಗದ ಕಡೆಯ ಡಾಕ್ಟರು ಚೈತನ್ಯಾ ಪ್ಲಾಸ್ಟರು ಹಾಕಿದರು. ಬಿದ್ದರೆ ಮೂಳೆ ಹೀಗೆ ಮುರಿಯುವುದಿಲ್ಲ, ಯಾರೋ ತಿರುಚಿದ್ದಾರೆ ಎಂದು ಮೆತ್ತಗೆ ಹೇಳಿ, ಪೊಲೀಸರಿಗೆ ತಿಳಿಸಬೇಕೆಂದಿದ್ದರೆ ತಾನು ಸಾಕ್ಷಿ ಹೇಳುತ್ತೇನೆ ಎಂದರು. ತಾಯಿ ಮಗಳು ಇಬ್ಬರೂ ಗೋಡೆ ನೋಡಿದರು. ಯೋಚಿಸಿ ಹೇಳ್ತೀವ್ರಿ ಎಂದು ಬಂದರು.

ಹೀಗೆ ಯೋಚಿಸುತ್ತಲೇ ಸೋಮವಾರ ಬಂದಿತ್ತು. ತಾರಾದೇವಿ ಹಿಟ್ಟು ನಾದುತ್ತಿದ್ದಳು. ಆಗ ಕಾಶೀನಾಥ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ನಗು.

ಆ ನಗುವಿನ ಹಿಂದೆ ಮಠದ ಒಂದು ಪದ್ಧತಿ ಇತ್ತು. ಊರಿನಿಂದ ಕಾಶಿಗೆಂದು ಹೊರಟ ಮುದುಕರ ಮಕ್ಕಳು, ಮೊಮ್ಮಕ್ಕಳು ದಿನವಿಡೀ ಕಚೇರಿಗೆ ಫೋನು ಮಾಡುತ್ತಾರೆ. ನಮ್ಮವರು ತಲುಪಿದರೇನ್ರಿ ಎಂದು ಕನ್ನಡದಲ್ಲಿ ಕೇಳಿದರೆ ಸಾಕು, ಯಾರು ಎಂದು ವಿಚಾರಿಸದೆ ಹೇಳಿಬಿಡಬೇಕು: ತಲುಪಿದರು, ಉಂಡರು, ಮಲಗಿದರು. ಆರುನೂರು ಹಳ್ಳಿಗಳ ನಿದ್ದೆ ಆ ಒಂದು ಫೋನಿನ ಮೇಲೆ ನಿಂತಿದೆ ಎಂದು ಕಾಶೀನಾಥ ಹೆಮ್ಮೆಯಿಂದ ಹೇಳುತ್ತಿದ್ದ. ಬೆಳಗ್ಗೆ ಬಂದ ಫೋನಿಗೂ ಅವನು ಹಾಗೆಯೇ ಹೇಳಿದ್ದ. ನಮ್ಮ ಮನೆಯವರು ಬಂದಿದಾರಾ ಸಾರ್, ಕೈ ಪೆಟ್ಟಾಗಿತ್ತು, ಯೋಚನೆ ಆಗಿದೆ ಎಂದಿತ್ತಂತೆ ಆ ದನಿ. ಬಂದಾರ್ರಿ, ಆರಾಮ ಅದಾರ, ಮ್ಯಾಲಿನ ಕೋಣ್ಯಾಗ ಮಲಗ್ಯಾರ ಎಂದು ಕಾಶೀನಾಥ ಹೇಳಿದ್ದ. ಆ ದನಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಬಂದಿತ್ತು, ಮಧ್ಯಾಹ್ನಕ್ಕೆ ತಾನೂ ಅಲ್ಲಿರುತ್ತೇನೆ ಎಂದಿತ್ತು.

"ದಾಮಾದರು, ನಿಮ್ಮ ಅಳಿಯನವರು, ಬರಾಕತ್ತಾರ ಅಕ್ಕಾರ," ಎಂದ ಕಾಶೀನಾಥ. "ಬೆಳಿಗ್ಗೆನ ಹೇಳ್ತಿದ್ದೆ, ನಿಮಗ ಅಚಾನಕ್ ಖುಷಿ ಆಗ್ಲಿ ಅಂತ ಸುಮ್ನಿದ್ದೆ. ಗಣಪತಿನ್ನ ಗಾಡಿ ಕೊಟ್ಟು ಬಾಬತಪುರದ ಏರ್‌ಪೋರ್ಟಿಗೆ ಕಳಿಸೇನಿ. ಇಷ್ಟೊತ್ತಿಗೆ ವಿಮಾನ ಇಳಿದಿರಬೇಕು."

ತಾರಾದೇವಿಯ ಕೈ ಹಿಟ್ಟಿನಲ್ಲೇ ನಿಂತಿತು. ಹಿಂದಿನ ಗಲ್ಲಿಯಲ್ಲಿ ಧಡ್ ಎಂದಿತು, ಮೇಲೆ ಮಂಚ ಟಕ್ಕೆಂದಿತು.

ಅವಳಿಂದ ವಿಷಯ ಕೇಳಿದ ಮೇಲೆ ಕಾಶೀನಾಥನ ಮುಖ ಇಳಿಯಿತು. ಪ್ಲಾಸ್ಟರು ನೋಡಿದ್ದೆಯಲ್ಲ, ಏನೆಂದುಕೊಂಡಿದ್ದಿ ಎಂದು ಅವಳು ಕೇಳಿದಳು. ಬಚ್ಚಲಲ್ಲಿ ಜಾರಿದರೆಂದು ನೀವೇ ಹೇಳಿದಿರಿ ಎಂದ. ಅವನು ಗಾಬರಿಯಲ್ಲಿ ಡ್ರೈವರ್ ಗಣಪತಿಗೆ ಫೋನು ಹಚ್ಚಿದ. ಗಾಡಿ ಕೆಟ್ಟಿತೆನ್ನು, ದಾರಿ ತಪ್ಪಿತೆನ್ನು, ಏನಾದರೂ ಹೇಳಿ ಅಲ್ಲೇ ನಿಲ್ಲಿಸು ಎನ್ನುವವನಿದ್ದ. ಗಣಪತಿ ಉತ್ತರ ಕೊಡುವ ಮೊದಲೇ ಆ ಕಡೆಯಿಂದ ಬೇರೆ ದನಿ ಬಂತು.

"ಸಾರ್, ನಿಮ್ ಗಾಡೀಲೇ ಇದೀನಿ," ಎಂದಿತು ಅದು. "ಬಹಳ ಥ್ಯಾಂಕ್ಸ್. ಅತ್ತೆಗೆ ಹೇಳಿ, ಊಟಕ್ಕೆ ಅಲ್ಲಿಗೇ ಬರ್ತೀನಿ ಅಂತ."

ತಾರಾದೇವಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಹೋದಳು. ಎದ್ದೇಳು, ಗಂಗೆಯಾಚೆ ರಾಮನಗರಕ್ಕೆ ಹೋಗೋಣ, ಸೇತುವೆ ದಾಟಿದರೆ ಆಯಿತು, ಅಲ್ಲಿ ಸೀರೆ ದುಪಟ್ಟಾ ಅಂಗಡಿಯ ಹೆಂಗಸು ನನಗೆ ಪರಿಚಯ ಎಂದಳು. ವಚನಾ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಕೆಳಗಿನ ಮಾತೆಲ್ಲ ಕೇಳಿತ್ತು.

"ಕಹಾಂ ಭಾಗೂಂ, ಅವ್ವ?" ಎಂದಳು. ಎಲ್ಲಿಗೆ ಓಡಲಿ. "ಇವತ್ ರಾಮನಗರ. ನಾಳೆ? ಅವ ಅಲ್ಲೀನೂ ಬರ್ತಾನ. ನೀ ಒಂದ್ಸಲ ಬಂದಿದ್ಯಲ್ಲ, ಕೇಳ್ಕೊಂಡು ವಾಪಸ್ ಹೋದಿ. ನಾ ಅವತ್ತ ತಿಳ್ಕೊಂಡೆ, ದೂರ ಹತ್ರ ಎಲ್ಲಾ ಒಂದ ಅಂತ."

ಹಿಟ್ಟು ತಾರಾದೇವಿಯ ಬೆರಳುಗಳ ಮೇಲೆ ಒಣಗಿ ಬಿರುಕು ಬಿಡುತ್ತಿತ್ತು. ಒಳಗಿನಿಂದ ಅಗಳಿ ಹಾಕಿಕೋ, ನಾನು ಕರೆಯುವವರೆಗೆ ತೆಗೆಯಬೇಡ ಎಂದು ಹೇಳಿ ಇಳಿದು ಬಂದಳು. ಇಳಿಯುವಾಗ ನಡುವಿನ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ರೈಲಿನಲ್ಲಿ ಬಂದವನು ಅಪ್ಪ, ವಿಮಾನದಲ್ಲಿ ಹೋದವಳು ತಾನು. ಇಬ್ಬರೂ ಉಂಡು, ಮುಖ ಒರೆಸಿಕೊಂಡು, ಹಿಂದಿರುಗಿದರು. ದಾರಿಯನ್ನು ಇಷ್ಟು ವರ್ಷ ಸುಮ್ಮನೆ ಬೈದಿದ್ದಳು.

ಗೋದೌಲಿಯಾದ ಜಂಗುಳಿಯಲ್ಲಿ ಗಾಡಿ ಸಿಕ್ಕಿಕೊಂಡದ್ದರಿಂದ ಅವರು ಬರುವುದು ತಡವಾಯಿತು. ಮೊದಲು ಒಳಗೆ ಬಂದವನು ಗಣಪತಿ. ಅವನು ಅಡುಗೆಮನೆಯ ಕಟ್ಟೆಯ ಮೇಲೆ ಕುಸಿದು ಕೂತು ನೀರು ಕೇಳಿದ. ಚೌಕದ ಬಳಿ ಒಂದು ಇ-ರಿಕ್ಷಾ ತಮ್ಮ ಗಾಡಿಗೆ ತಾಗಿತಂತೆ, ಬಣ್ಣವೂ ಹೋಗಲಿಲ್ಲವಂತೆ. ಸಾಹೇಬರು ಬಾಗಿಲು ತೆಗೆದು ಇಳಿದು, ಆ ರಿಕ್ಷಾದವನ ತಲೆ ಹಿಡಿದು ಅವನದೇ ಹ್ಯಾಂಡಲಿಗೆ ಬಡಿದರಂತೆ. ಒಂದು ಸಲ, ಎರಡು ಸಲ. ಮೂಗಿನಿಂದ ರಕ್ತ ಸುರಿದು ಅವನ ಎದೆಯ ಮೇಲಿನ ಚೆಂಡುಹೂವಿನ ಹಾರ ಒದ್ದೆಯಾಯಿತಂತೆ. ಜನ ಸೇರುವ ಮೊದಲೇ ವಾಪಸು ಬಂದು ಕೂತು, ಕರವಸ್ತ್ರದಿಂದ ಕೈ ಒರೆಸಿಕೊಂಡು, ಹಾಂ ಏನು ಹೇಳುತ್ತಿದ್ದೆ ಗಣಪತಿ, ನಿನಗೆ ಮಕ್ಕಳೆಷ್ಟು ಎಂದು ಕೇಳಿದರಂತೆ.

ಅಷ್ಟರಲ್ಲಿ ಮಹೇಶ್ವರ ಒಳಗೆ ಬಂದ. ಬಿಳಿಯ ಅಂಗಿ, ಹಣೆಗೆ ದಾರಿಯಲ್ಲೇ ಹಚ್ಚಿಸಿಕೊಂಡ ವಿಭೂತಿ. ಬಗ್ಗಿ ತಾರಾದೇವಿಯ ಕಾಲು ಮುಟ್ಟಿದ. ಅಂಗಿಯ ತೋಳಿನ ಅಂಚಿನಲ್ಲಿ ಕಡಲೆಯಷ್ಟು ಕೆಂಪು ಇತ್ತು.

ಮಠದಲ್ಲಿ ಇನ್ನೊಂದು ಪದ್ಧತಿ. ಬಂದವರು ಯಾರೇ ಇರಲಿ, ಉಣ್ಣುವ ಮೊದಲು ಯಾಕೆ ಬಂದಿರಿ ಎಂದು ಕೇಳಬಾರದು. ಅಂಗಳದಲ್ಲಿ ಪಂಕ್ತಿ ಕೂತಾಗಿತ್ತು. ಕೊಪ್ಪಳದ ಕಡೆಯ ಯಾತ್ರಿಕರು, ಹೆಚ್ಚಿನವರು ಮುದುಕ ಮುದುಕಿಯರು. ಕಾಶೀನಾಥ ಅಳುಕುತ್ತ ಅಳಿಯನಿಗೂ ಎಲೆ ಹಾಕಿದ. ತಾರಾದೇವಿ ಬಡಿಸಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಅವಳ ಕೈ ನಡುಗಲಿಲ್ಲ. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಹೊಡೆಯುವವರಿಗೆ ಬಡಿಸುವುದು ಆ ಕೈಗೆ ಅಷ್ಟು ರೂಢಿಯಾಗಿತ್ತು.

ಮಹೇಶ್ವರ ಎರಡನೆಯ ರೊಟ್ಟಿ ಮುರಿಯುತ್ತ, ಪಕ್ಕದವರಿಗೆ ಕೇಳದಷ್ಟು ಮೆತ್ತಗೆ ಮಾತಾಡಿದ.

"ಬೆಳಿಗ್ಗೆ ತಿಂಡಿ ನಮ್ಮನೇಲಿ ತಿಂದೆ ಅತ್ತೆ, ಮಧ್ಯಾಹ್ನದ ಊಟ ನಿಮ್ಮನೇಲಿ. ನೋಡಿ, ಪ್ರಪಂಚ ಎಷ್ಟು ಚಿಕ್ಕದಾಗ್ಬಿಟ್ಟಿದೆ. ಅವಳು ಎಲ್ಲಿಗೇ ಹೋಗ್ಲಿ, ನಂಗೆ ಎರಡೂವರೆ ಗಂಟೆ." ರೊಟ್ಟಿಯ ಚೂರನ್ನು ಹಿಂಡಿಗೆ ಅದ್ದಿದ. "ಸಂಜೆ ಫ್ಲೈಟಿಗೆ ಎರಡು ಸೀಟು ಹಾಕ್ಸಿದೀನಿ. ರೆಡಿ ಆಗು ಅಂತ ಹೇಳಿ."

"ಆಕಿ ಬರಂಗಿಲ್ಲ," ಎಂದಳು ತಾರಾದೇವಿ.

ಅವನು ನಕ್ಕ. ಇನ್ನೊಂದು ರೊಟ್ಟಿ ಕೇಳಿದ. ಅವಳು ಒಲೆಯ ಕಡೆ ಹೋದಳು. ಅವಳು ಬೆನ್ನು ತಿರುಗಿಸಿದ್ದೇ ಅವನು ಎಲೆಯ ಮುಂದಿನಿಂದ ಎದ್ದ.

ಮೆಟ್ಟಿಲ ಮೇಲೆ ದಡದಡ ಹೆಜ್ಜೆಯ ಸದ್ದಾದಾಗಲೇ ಅವಳಿಗೆ ತಿಳಿದದ್ದು. ಮೇಲೆ ಬಾಗಿಲಿಗೆ ಒದೆ ಬಿತ್ತು. ಒಂದು ಒದೆ, ಇನ್ನೊಂದು, ಮತ್ತೊಂದು. ಹಿಂದಿನ ಗಲ್ಲಿಯ ಸುತ್ತಿಗೆಯೂ ಅದೇ ಹೊತ್ತಿಗೆ ಬೀಳುತ್ತಿದ್ದುದರಿಂದ ಪಂಕ್ತಿಯಲ್ಲಿದ್ದ ಕಿವಿ ಮಂದವಾದ ಮುದುಕಿಯೊಬ್ಬಳು ಸೊಸೆಯನ್ನು ಕೇಳಿದಳು, ಮನಿ ಇಲ್ಲೂ ಕೆಡವಾಕತ್ತಾರೇನ ಎಂದು. ಹಳೆಯ ಅಗಳಿ. ಅದರ ಮೊಳೆಗಳು ಗೋಡೆಯ ಗಾರೆ ಸಮೇತ ಕಿತ್ತು ಬಂದವು.

ವಚನಾ ಕೂಗಿದಳು. ಬೆಂಗಳೂರಿನಲ್ಲಿ ಯಾರಿಗೂ ತಿಳಿಯದಿದ್ದ ಅದೇ ಮಾತಿನಲ್ಲಿ ಕೂಗಿದಳು. ಇಲ್ಲಿ ಅದು ಓಣಿಯ ಉದ್ದಕ್ಕೂ ಎಲ್ಲರಿಗೂ ತಿಳಿಯಿತು. ಮಗ್ಗಗಳ ಖಟಪಟ ಒಂದೊಂದಾಗಿ ನಿಂತಿತು. ಪಂಕ್ತಿಯ ಯಾತ್ರಿಕರಿಗೆ ಮಾತ್ರ ಅರ್ಥವಾಗಲಿಲ್ಲ. ಅವರು ಕೈಯಲ್ಲಿ ರೊಟ್ಟಿಯ ತುತ್ತು ಹಿಡಿದು ಮೇಲೆ ನೋಡಿದರು.

ಅವನು ಅವಳನ್ನು ಪ್ಲಾಸ್ಟರಿನ ಕೈ ಹಿಡಿದೇ ಎಳೆದುಕೊಂಡು ಇಳಿದ. ಪ್ರತಿ ಮೆಟ್ಟಿಲಿಗೂ ಅವಳ ಮೊಣಕಾಲು ತಾಗುತ್ತಿತ್ತು. ಕಾಶೀನಾಥ ಅಡ್ಡ ಬಂದು, ಬ್ಯಾಡ್ರಿ, ಕೂತು ಮಾತಾಡೂಣ್ರಿ ಎಂದ. ಮಹೇಶ್ವರ ಬಿಡುವಿದ್ದ ಕೈಯಿಂದ ಅವನ ಕತ್ತಿಗೆ ಹೊಡೆದ. ಕಾಶೀನಾಥ ನೀರಿನ ಹಂಡೆಯ ಮೇಲೆ ಬಿದ್ದ, ಹಂಡೆ ಉರುಳಿ ಅಂಗಳವೆಲ್ಲ ನೀರಾಯಿತು. ಎಲೆಗಳು ತೇಲಿದವು. ಯಾತ್ರಿಕರಲ್ಲಿ ಇಬ್ಬರು ಎದ್ದು ನಿಂತರು. ಗಂಡ ಹೆಂಡತಿ ವಿಚಾರ, ಗಂಡ ಹೆಂಡತಿ ವಿಚಾರ ಎಂದು ಒಬ್ಬ ಮುದುಕ ಅವರ ಅಂಗಿ ಹಿಡಿದು ಕೂರಿಸಿದ. ಅವರು ಕೂತರು.

ವಚನಾ ಅಡುಗೆಮನೆಯ ಬಾಗಿಲಿನ ಚೌಕಟ್ಟನ್ನು ಬಲಗೈಯಿಂದ ಹಿಡಿದುಕೊಂಡಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ, ಅವಸರವಿಲ್ಲದೆ, ಗಂಟು ಬಿಚ್ಚುವವನ ಹಾಗೆ. ಕಿರುಬೆರಳು. ಉಂಗುರಬೆರಳು. ನಡುವಿನ ಬೆರಳನ್ನು ಹಿಂದಕ್ಕೆ ಮಡಿಸಿದಾಗ ಅದು ಟಕ್ಕೆಂದಿತು.

ಒಲೆಯ ಮೇಲೆ ರೊಟ್ಟಿಯ ಕಬ್ಬಿಣದ ಹಂಚು ಕಾದಿತ್ತು. ಎರಡು ಕಿವಿಯ ಅಗಲವಾದ ಹಂಚು, ನೂರು ಜನರ ಪಂಕ್ತಿಯದು. ತಾರಾದೇವಿ ಒದ್ದೆ ಬಟ್ಟೆಯಿಂದ ಎರಡೂ ಕಿವಿ ಹಿಡಿದು ಅದನ್ನು ಎತ್ತಿದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮಗಳ ಪ್ಲಾಸ್ಟರನ್ನು ಹಿಡಿದಿದ್ದ ಆ ದಪ್ಪ ಕೈಯ ಮೇಲೆ ಹಂಚನ್ನು ಒತ್ತಿದಳು. ಹಸಿ ರೊಟ್ಟಿ ಬಿದ್ದಾಗ ಬರುವ ಸದ್ದೇ ಬಂತು.

ಅವನ ಕೈ ಬಿಚ್ಚಿಕೊಂಡಿತು. ಕೂಗು ಆಮೇಲೆ ಬಂತು. ಅವನು ಎಡಗೈ ಎತ್ತಿ ಅವಳ ಮುಖಕ್ಕೆ ಗುದ್ದಿದ. ಅವಳ ಬಾಯೊಳಗೆ ಒಂದು ಹಲ್ಲು ಸಡಿಲವಾಯಿತು. ಅವಳು ಹಂಚು ಬಿಡಲಿಲ್ಲ. ಅವನು ಮತ್ತೆ ಮುಂದೆ ಬಂದ. ಅವಳು ಹಂಚನ್ನು ಎದೆಯ ಮುಂದೆ ಹಿಡಿದು ಅವನಿಗೂ ಮಗಳಿಗೂ ನಡುವೆ ನಿಂತಳು. ಬಟ್ಟೆ ಕರಕಾಗಿ ಅವಳ ಅಂಗೈಯೂ ಸುಡುತ್ತಿತ್ತು, ಆ ವಾಸನೆ ಅವಳಿಗೆ ಬರುತ್ತಿತ್ತು. ಬಾಯಲ್ಲಿ ತುಂಬಿದ ರಕ್ತವನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಬಾಗಿಲನ್ನು. ಮಗ್ಗ ಬಿಟ್ಟು ಎದ್ದುಬಂದ ಓಣಿಯ ಹೆಂಗಸರು ಆ ಬಾಗಿಲಿನ ತುಂಬ ನಿಂತಿದ್ದರು. ಅವರು ಒಳಗೆ ಬರಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಅವನು ಒದ್ದೆ ನೆಲದ ಮೇಲೆ ಕುಸಿದು ಕೂತು, ಸುಟ್ಟ ಕೈಯನ್ನು ಹರಿಯುವ ನೀರಿಗೆ ಒತ್ತಿ, ಕೇಸು ಹಾಕ್ತೀನಿ, ಎಲ್ಲರನ್ನೂ ಒಳಗೆ ಹಾಕಿಸ್ತೀನಿ ಎಂದು ಅಳುತ್ತ ಹೇಳತೊಡಗಿದ.

ಈಗ ಎಲ್ಲರೂ ಮಾತಾಡಿದರು. ಕೂತಿದ್ದವರೆಲ್ಲ ಎದ್ದರು. ಅಷ್ಟು ಮಾಡಬಾರದಿತ್ತು ತಾಯಿ ಎಂದು ಅಂಗಿ ಹಿಡಿದು ಕೂರಿಸಿದ್ದ ಮುದುಕ ಹೇಳಿದ. ಸೊಸೆಯೊಬ್ಬಳು ತನ್ನ ಸೆರಗು ಹರಿದು ವಚನಾಳ ಬೆರಳಿಗೆ ಸುತ್ತಿದಳು. ಗಣಪತಿ ಬಂದು ಮಹೇಶ್ವರನ ಪಕ್ಕ ನಿಂತ. ಎತ್ತಲು ಹೋಗಲಿಲ್ಲ, ಸುಮ್ಮನೆ ನಿಂತ, ಏಳದ ಹಾಗೆ ನೋಡಿಕೊಳ್ಳುವವನಂತೆ.

ತಾರಾದೇವಿ ಹಂಚನ್ನು ಒಲೆಯ ಮೇಲಿಟ್ಟು ಗ್ಯಾಸು ಆರಿಸಿದಳು. ಬಾಯಿ ಮುಕ್ಕಳಿಸಿದಳು. ಸೆರಗು ತಲೆಗೆ ಹೊದ್ದು ಮಗಳ ಭುಜ ಹಿಡಿದು ಎಬ್ಬಿಸಿದಳು. ಗಾಯಗೊಂಡ ಎರಡು ಕೈಗಳಲ್ಲಿ ಯಾವುದನ್ನೂ ಹಿಡಿಯುವಂತಿರಲಿಲ್ಲ, ಆದ್ದರಿಂದ ಸೊಂಟದ ಸುತ್ತ ಕೈ ಹಾಕಿದಳು. ಇಬ್ಬರೂ ಬಾಗಿಲ ಕಡೆ ನಡೆದರು. ಓಣಿಯ ಹೆಂಗಸರು ಸರಿದು ದಾರಿ ಮಾಡಿದರು.

ಕಾಶೀನಾಥ ಕತ್ತು ಹಿಡಿದುಕೊಂಡು ಹಿಂದೆಯೇ ಓಡಿಬಂದ. ಎಲ್ಲಿಗೆಂದು ಕೇಳಿದ. ಪೊಲೀಸ್ ಚೌಕಿಗೆ ಎಂದಳು. ಹೋಗಬೇಡಿ ಅಕ್ಕಾರ ಎಂದು ಅವನು ಗೋಗರೆದ. ತಾನು ಎಲ್ಲ ಸರಿಮಾಡುತ್ತೇನೆ, ಗದ್ದಲದಲ್ಲಿ ಹಂಚು ತಾನಾಗಿ ಅವನ ಕೈ ಮೇಲೆ ಬಿತ್ತೆಂದು ಎಲ್ಲರಿಂದಲೂ ಹೇಳಿಸುತ್ತೇನೆ, ಅವನನ್ನು ಸಂಜೆಯ ವಿಮಾನಕ್ಕೆ ಹತ್ತಿಸಿ ಬರುತ್ತೇನೆ, ಅಲ್ಲಿಗೆ ಮುಗಿಯಿತು ಎಂದ.

"ಮುಗಿಯಂಗಿಲ್ಲೋ ತಮ್ಮಾ," ಎಂದಳು ತಾರಾದೇವಿ. "ನಾಳಿನ ವಿಮಾನಕ್ಕ ತಿರುಗಿ ಬರ್ತಾನ. ಸುಟ್ಟಾಕಿ ನಾನು. ನಾನ ಸುಟ್ಟೆ ಅಂತ ನಾನ ಹೋಗಿ ಹೇಳ್ತೀನಿ. ಯಾಕ ಸುಟ್ಟಿ ಅಂತ ಕೇಳ್ತಾರಲ್ಲ, ಅದನ್ನ ಈಕಿ ಹೇಳ್ತಾಳ."

ವಚನಾ ತಾಯಿಯ ಮುಖ ನೋಡಿದಳು. ಆಮೇಲೆ ಕಾಶೀನಾಥನ ಕಡೆ ತಿರುಗಿ ಬನಾರಸದ ಮಾತಿನಲ್ಲಿ, ಸಣ್ಣ ದನಿಯಲ್ಲಿ, ಡಾಕ್ಟರು ಚೈತನ್ಯಾ ಅವರಿಗೆ ಫೋನು ಮಾಡಿ ಚೌಕಿಗೆ ಬರಲು ಹೇಳಿ ಎಂದಳು. ಮೊದಲ ದಿನದಿಂದ ಎಲ್ಲ ಹೇಳುತ್ತೇನೆ, ಸಾರಿಗೆ ಹಾಕಿದ ಬೆಲ್ಲದಿಂದ.

ಕಾಶೀನಾಥ ಫೋನು ತೆಗೆದ. ನಂಬರು ಒತ್ತುತ್ತಲೇ ಅವನು ಮತ್ತೆ ಕೇಳಿದ, ಒಳಗೆ ಅಷ್ಟು ಜನ ಅರ್ಧ ಹೊಟ್ಟೆಯಲ್ಲಿ ಎದ್ದಿದ್ದಾರೆ, ಅವರಿಗೆ ಏನು ಹೇಳಲಿ, ಪಂಕ್ತಿ ಏನು ಮಾಡಲಿ.

ತಾರಾದೇವಿ ನಿಲ್ಲಲಿಲ್ಲ. ನಡೆಯುತ್ತಲೇ, ಬಾತ ತುಟಿಯಲ್ಲಿ, ಹಿಂದಕ್ಕೆ ತಿರುಗದೆ ಹೇಳಿದಳು. "ನೆಲಾ ಒರಿಸಿ ಹೊಸಾ ಎಲಿ ಹಾಕ್ಸು. ಹಿಟ್ಟು ಹದಾ ಮಾಡಿ ಮುಚ್ಚಿಟ್ಟೇನಿ, ಪಲ್ಯ ಇನ್ನ ಬಿಸಿ ಐತಿ, ಆ ಕೊಪ್ಪಳದ ಹೆಣ್ಮಕ್ಕಳೊಳಗ ರೊಟ್ಟಿ ಬಡಿಯಾಕ ಬರ್ತದ ಅನ್ನೋರನ್ನ ಯಾರ್ನರ ಕರಕೊಂಡು, ಹಂಚು ಚೊಲೋತ್ನಂಗ ತೊಳದು, ಆಮ್ಯಾಲ ನೀನ ನಿಂತು ಎಲ್ಲಾರಿಗೂ ಹೊಟ್ಟಿ ತುಂಬ ಬಡಸು."